ಹದಿನೈದು ಇಂಚಿನ ಭುಜ

ಮಗ್ಗೆ
3 ಸೆಪ್ಟೆಂಬರ್ 2024

ನೇತ್ರಾ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ಕೆಂದಿರುತ್ತೆ. ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಮೂರು ವರ್ಷ ಒಂದು ಸಾಲೂ ಬರೆಯದ ಅತ್ತಿಗೆ ಈಗ ಹಾಳೆಗಟ್ಟಲೆ ಬರೆದಿದ್ದಾಳೆಂದರೆ ಏನೋ ಕೆಲಸ ಬಿದ್ದಿರಬೇಕು ಅಂದುಕೊಳ್ಳುತ್ತೀಯ. ಹೌದು ಕಣೇ, ಬಿದ್ದಿದೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಅತ್ತೆಯ ಹೊಲಿಗೆ ಮಿಷನ್ ಮೇಲೆ ನಾನು ಕೂತಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಅತ್ತೆ ತೀರಿಕೊಂಡ ಹನ್ನೊಂದನೇ ದಿನ, ಶಿವಗಣಾರಾಧನೆಯಂದು, ಆ ಮಿಷನ್ನಿಗಾಗಿ ನೀನೂ ನಿಮ್ಮಣ್ಣನೂ ಆಡಿದ ಮಾತು ನನಗೆ ಮರೆತಿಲ್ಲ. ನೀನು ತಗೊಂಡು ಹೋಗ್ತೀನಿ ಅಂದೆ, ಅವರು "ಈ ಮನೇದು ಈ ಮನೇಲೇ ಇರ್ಲಿ" ಅಂದರು, ನೀನು "ಇನ್ಮೇಲೆ ನಿನ್ನ ಮೈಗೆ ನನ್ನ ಕೈ ಹೊಲಿಯಲ್ಲ" ಅಂದು ಉಂಡ ಎಲೆಯನ್ನೂ ಎತ್ತದೆ ಬಸ್ ಹತ್ತಿದೆ. ಇಷ್ಟೆಲ್ಲ ಜಗಳ ಮಾಡಿ ಉಳಿಸಿಕೊಂಡ ಮಿಷನ್ ಮೇಲೆ ನಿಮ್ಮಣ್ಣ ಕಂಬಳಿ ಒಟ್ಟಿದ್ದರು! ನೋಡಿ ನೋಡಿ ಸಾಕಾಗಿ ಈ ಆಷಾಢದಲ್ಲಿ ನಾನೇ ಕಂಬಳಿ ಇಳಿಸಿದೆ. ಬೆಲ್ಟನ್ನು ಇಲಿ ಕಡಿದಿತ್ತು. ಬಾಳ್ಳುಪೇಟೆಯಿಂದ ಮಿಷನ್ ರಿಪೇರಿ ಏಕಾಂತಯ್ಯನವರು ಬಂದು ಹೊಸ ಬೆಲ್ಟ್ ಹಾಕಿ, ಎಣ್ಣೆ ಬಿಟ್ಟು, "ಇನ್ನೂ ಇಪ್ಪತ್ತು ವರ್ಷ ಓಡ್ತೈತೆ ಬಿಡವ್ವ" ಅಂದು ಹೋದರು.

ದಿಂಬಿನ ಚೀಲ ಹೊಲಿದೆ, ಕೈಚೀಲ ಹೊಲಿದೆ. ಈಗ ಒಂದು ಶರ್ಟ್ ಹೊಲಿಯಬೇಕು. ತುಂಬುತೋಳಿನದು, ಸಡಿಲವಾಗಿ, ಕೈ ಮೇಲೆತ್ತಿದರೆ ಬೆನ್ನು ಹಿಡಿಯಬಾರದು. ನಿನ್ನ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ಪೇಪರ್ ಕಟಿಂಗ್ ಮಾಡಿಕೊಡುತ್ತೀಯಲ್ಲ, ಹಾಗೆ ಒಂದು ನನಗೂ ಕತ್ತರಿಸಿ ಕಳಿಸು. ಬಟ್ಟೆಯ ಮೇಲಿಟ್ಟು ಚಾಕಿನಲ್ಲಿ ಗೆರೆ ಎಳೆದು ಕತ್ತರಿಸಿಕೊಳ್ಳುತ್ತೇನೆ.

ಫೋನ್ ಮಾಡಬೇಡ. ಮನೆಗಿರುವುದೊಂದೇ ಫೋನು, ಅದು ನಿಮ್ಮಣ್ಣನ ಜೇಬಿನಲ್ಲಿರುತ್ತೆ. ನೀವಿಬ್ಬರೂ ಮಾತಾಡದೆ ಫೋನ್ ಹಿಡಿದುಕೊಂಡು ನಿಂತಿರುವುದನ್ನು ನಾನು ನೋಡಲಾರೆ. ಡೇರಿ ಈರಮ್ಮನ ವಿಳಾಸಕ್ಕೆ ಹಾಕು, ಪೋಸ್ಟಿನವರು ಅಲ್ಲಿಗೆ ದಿನಾ ಬರುತ್ತಾರೆ. ಅವಳ ಫೋನಿಗೆ ಕಳಿಸಲೇ ಅನ್ನಬೇಡ, ಅವಳ ಫೋನನ್ನು ಊರೇ ನೋಡುತ್ತೆ.

ನಿನ್ನ ಯಜಮಾನರು ಮಹೇಶಪ್ಪನವರನ್ನು ಕೇಳಿದೆ ಅಂತ ಹೇಳು.

ನಿನ್ನ ಅತ್ತಿಗೆ
ದ್ರಾಕ್ಷಾಯಣಿ


ರಾಣೆಬೆನ್ನೂರು
12 ಸೆಪ್ಟೆಂಬರ್ 2024

ಅತ್ತಿಗೆ,

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ಎಲ್ಲಿಯೂ ಅಣ್ಣನ ಹೆಸರು ಹೇಳಿ ಶರ್ಟ್ ಕೇಳಿಲ್ಲ ನೀವು. ಆದರೂ ನಾನೇನು ಮಗುವಾ? ತುಂಬುತೋಳು, ಸಡಿಲ, ಬೆನ್ನು ಹಿಡಿಯಬಾರದು. ಅಂಗಡಿಯ ರೆಡಿಮೇಡ್ ಹಾಕಿ ಹಾಕಿ ಅಣ್ಣನಿಗೆ ಬುದ್ಧಿ ಬಂದಿದೆ. ಅವನೇ ಕೇಳಿಸಿದನಾ? "ಅವಳನ್ನ ಕೇಳು, ನನ್ನ ಹೆಸರು ಮಾತ್ರ ಎತ್ತಬೇಡ" ಅಂದಿರುತ್ತಾನೆ, ನನಗೆ ಅವನು ಗೊತ್ತಿಲ್ಲವೇ! ಹೌದು ಎಂದು ಬರೆಯಬೇಡಿ. ಸುಮ್ಮನಿರಿ, ನನಗೆ ಅರ್ಥವಾಗುತ್ತದೆ.

ನನ್ನ ಹದಿನಾರನೇ ವಯಸ್ಸಿನಿಂದ ಅವನ ಒಂದೊಂದು ಶರ್ಟೂ ನಾನೇ ಹೊಲಿದದ್ದು. ಅವತ್ತು ಆಡಿದ ಮಾತು ಬಸ್ಸು ಆಲೂರು ದಾಟುವ ಮೊದಲೇ ನನ್ನನ್ನು ಚುಚ್ಚತೊಡಗಿತ್ತು. ಇಳಿದು ವಾಪಸ್ ಬರಲು ಅಹಂಕಾರ ಬಿಡಲಿಲ್ಲ. ಮೂರು ವರ್ಷ ಆಯಿತು. ಮಿಷನ್ ನಿಮ್ಮ ಕೈಗೆ ಬಂದದ್ದು ಒಳ್ಳೆಯದೇ ಆಯಿತು ಅತ್ತಿಗೆ, ಕಂಬಳಿ ಹೊತ್ತು ಕೂತಿರುವುದಕ್ಕಿಂತ.

ಅವನ ಹಳೆಯ ಅಳತೆ ನನ್ನ ಪುಸ್ತಕದಲ್ಲಿದೆ. ಆದರೂ ಹೊಸದಾಗಿ ಅಳೆದು ಕಳಿಸಿ. ಟೇಪನ್ನು ಕಂಕುಳ ಕೆಳಗಿನಿಂದ ತಂದು, ಒಳಗೆ ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು ಎದೆ ಅಳೆಯಿರಿ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಪಕ್ಕಕ್ಕೆ ಸರಿಸಿಕೊಳ್ಳಲು ಹೇಳಿ, ಅದರ ಮೇಲೆ ಟೇಪ್ ಹಾಯಿಸಿದರೆ ಒಂದು ಇಂಚು ಸುಳ್ಳು ಬರುತ್ತದೆ. ಭುಜ ಮೂಳೆಯಿಂದ ಮೂಳೆಗೆ. ತೋಳುದ್ದ, ಕಾಲರ್, ಸೊಂಟ, ಸೀಟ್ (ಸೊಂಟದ ಕೆಳಗೆ ದಪ್ಪವಿರುವ ಕಡೆ), ಪೂರ್ತಿ ಉದ್ದ. ಒಂದೂ ಬಿಡಬೇಡಿ. ಅವನು ಉಸಿರು ಎಳೆದುಕೊಂಡು ಎದೆ ಉಬ್ಬಿಸಿ ನಿಲ್ಲುತ್ತಾನೆ, ಬೈದು ನೆಟ್ಟಗೆ ನಿಲ್ಲಿಸಿ.

ನಿಮ್ಮ
ನೇತ್ರಾ


ಮಗ್ಗೆ
24 ಸೆಪ್ಟೆಂಬರ್ 2024

ನೇತ್ರಾ,

ಸುಮ್ಮನಿರಿ ಅಂದಿದ್ದೀಯ, ಸುಮ್ಮನಿದ್ದೇನೆ.

ಅಳತೆ ಇಲ್ಲಿದೆ. ಈರಮ್ಮ ಟೇಪ್ ಹಿಡಿದಳು, ನಾನು ಬರೆದುಕೊಂಡೆ. ಕಾಲರ್ ಹದಿನಾಲ್ಕು. ಎದೆ ಮೂವತ್ತೆಂಟು. ಭುಜ ಹದಿನೈದು. ತೋಳು ಇಪ್ಪತ್ತೂವರೆ. ಸೊಂಟ ಮೂವತ್ತೈದು. ಸೀಟ್ ನಲವತ್ತಮೂರು. ಉದ್ದ ಇಪ್ಪತ್ತೇಳು ಸಾಕು, ತೊಡೆ ಮುಚ್ಚಿದರೆ ಆಯಿತು.

ಸೀಟಿನ ಹತ್ತಿರ ಧಾರಾಳವಾಗಿ ಬಿಡು. ಕೆಳಗಿನ ಎರಡು ಗುಂಡಿ ಹಾಕಲಾಗದೆ ಬಿಟ್ಟುಕೊಂಡು ಓಡಾಡುವುದು ನೋಡಲಿಕ್ಕೆ ಚೆನ್ನಾಗಿರುವುದಿಲ್ಲ.

ಇಲ್ಲಿ ಶುಂಠಿಗೆ ಕೊಳೆ ಬಂದಿದೆ, ಎಲ್ಲರದೂ ಅದೇ ಗೋಳು. ಕಾಫಿ ಈ ಸಲ ಚೆನ್ನಾಗಿ ಕಾಯಿ ಕಟ್ಟಿದೆ. ಕುಯ್ಲಿನ ಹೊತ್ತಿಗೆ ಶರ್ಟ್ ಆಗಿದ್ದರೆ ಉಪಕಾರವಾಗುತ್ತೆ.

ದ್ರಾಕ್ಷಾಯಣಿ


ರಾಣೆಬೆನ್ನೂರು
4 ಅಕ್ಟೋಬರ್ 2024

ಅತ್ತಿಗೆ,

ಪೇಪರ್ ಕಟಿಂಗ್ ಇದರ ಜೊತೆಗಿದೆ. ಮುಂಭಾಗ ಎರಡು, ಬೆನ್ನು ಒಂದು, ಹೆಗಲಪಟ್ಟಿ ಒಂದು, ತೋಳು, ಕಫ್, ಕಾಲರ್. ಎಲ್ಲದರ ಮೇಲೂ ಹೆಸರು ಬರೆದಿದ್ದೇನೆ. ತುಮ್ಮಿನಕಟ್ಟಿ ಮಗ್ಗದ ಹತ್ತಿ ಬಟ್ಟೆಯನ್ನೂ ಇಟ್ಟಿದ್ದೇನೆ, ನಶ್ಯದ ಬಣ್ಣ, ಕಾಫಿ ಕಲೆ ಕಾಣುವುದಿಲ್ಲ. ಕತ್ತರಿಸುವ ಮೊದಲು ಒಂದು ಹಗಲು ನೀರಿನಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ. ಇಲ್ಲದಿದ್ದರೆ ಹೊಲಿದ ಮೇಲೆ ಎಳೆದುಕೊಳ್ಳುತ್ತದೆ. ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಒಂದು ಹೊಲಿದು ಹಾಕಿಸಿ ನೋಡಿ, ಆಮೇಲೆ ಒಳ್ಳೆಯ ಬಟ್ಟೆಗೆ ಕತ್ತರಿ ಇಡಿ.

ಪಕ್ಕದ ಹೊಲಿಗೆಯಲ್ಲಿ ಮಾಮೂಲಿಗಿಂತ ಜಾಸ್ತಿ ಬಟ್ಟೆ ಒಳಗೆ ಬಿಟ್ಟಿದ್ದೇನೆ. ಕತ್ತರಿಸಿ ಬಿಸಾಡಬೇಡಿ. ಮುಂದೆ ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಬಹುದು.

ಅತ್ತಿಗೆ, ಅಳತೆ ತಪ್ಪಾಗಿಲ್ಲ ತಾನೇ? ನನ್ನ ಪುಸ್ತಕದಲ್ಲಿ ಅಣ್ಣನ ಕಾಲರ್ ಹದಿನಾರು, ಎದೆ ನಲವತ್ತೆರಡು, ಭುಜ ಹದಿನೆಂಟೂವರೆ. ಮೂರೇ ವರ್ಷದಲ್ಲಿ ಭುಜ ಹದಿನೈದಕ್ಕೆ ಬಂದಿದೆ. ಟೇಪಿನ ತುದಿ ಹರಿದಿದೆಯಾ ನೋಡಿ. ಇನ್ನೊಂದು ಸಲ ಅಳೆಯಿರಿ, ಈರಮ್ಮ ಬೇಡ, ನೀವೇ ಅಳೆಯಿರಿ.

ಮತ್ತೆ, ಅಣ್ಣ ಸರಿಯಾಗಿ ಉಣ್ಣುತ್ತಾನಾ? ಸಂಜೆ ಹೊತ್ತು ಅವನ ಕಾಲು ಊದುತ್ತದಾ? ಕಣ್ಣು ಹಳದಿಯಾಗಿದೆಯಾ? ಸುಮ್ಮನೆ ಕೇಳಿದೆ.

ನೇತ್ರಾ


ಮಗ್ಗೆ
17 ಅಕ್ಟೋಬರ್ 2024

ನೇತ್ರಾ,

ಅಯ್ಯೋ ಮಾರಾಯ್ತಿ, ಎಂಥ ಬಟ್ಟೆ ಕಳಿಸಿದ್ದೀಯ! ಕೆನ್ನೆಗೆ ಒತ್ತಿಕೊಂಡು ನೋಡಿದೆ. ಕತ್ತರಿ ಹಾಕಲು ಮನಸ್ಸೇ ಬರುತ್ತಿಲ್ಲ.

ಬೆಡ್‌ಶೀಟಿನಲ್ಲಿ ಮೊದಲು ಹೊಲಿದೆ. ನೀನು ನೋಡಿದ್ದರೆ ಅತ್ತೆಯ ಹಾಗೆ ನನ್ನ ಕೈ ಮೇಲೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದೆ. ಎಡದ ತೋಳನ್ನು ಬಲಕ್ಕೆ ಕೂರಿಸಿದ್ದೆ, ಕೈ ಹಾಕಿದರೆ ಮೊಣಕೈ ಹಿಂದಕ್ಕೆ ತಿರುಗಿಕೊಂಡಿತು. ಬಿಚ್ಚಿದೆ. ಕಾಲರ್ ಒಳಮುಖ ಹೊರಗೆ ಬಂತು. ಬಿಚ್ಚಿದೆ. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಏಕಾಂತಯ್ಯನವರು ಇದನ್ನು ನೋಡಿದ್ದರೆ ಮಿಷನ್ ವಾಪಸ್ ಕಂಬಳಿ ಕೆಳಗಿಡಿ ಅನ್ನುತ್ತಿದ್ದರು.

ಅಂತೂ ಹಾಕಿ ನೋಡಿದ್ದಾಯಿತು. ಭುಜ ಸರಿಯಾಗಿ ಕೂತಿದೆ. ಸೀಟಿನಲ್ಲೂ ಆರಾಮ. ಆದರೆ ಎದೆಯ ಹತ್ತಿರ ಮಾತ್ರ ಗುಂಡಿಯ ನಡುವೆ ಬಾಯಿ ಬಿಡುತ್ತಿದೆ, ಬೆನ್ನು ನೋಡಿದರೆ ಸಡಿಲ. ಇದಕ್ಕೇನು ಮಾಡಲಿ?

ಅಳತೆ ಸರಿಯಾಗಿದೆ ಕಣೇ, ಎರಡು ಸಲ ಅಳೆದೆ. ಐವತ್ತು ದಾಟಿದ ಮೇಲೆ ಮೈ ಎಲ್ಲಿ ನಮ್ಮ ಮಾತು ಕೇಳುತ್ತೆ? ಮೇಲಿದ್ದದ್ದೆಲ್ಲ ಕೆಳಗಿಳಿಯುತ್ತೆ. ಜಾಸ್ತಿ ಬಿಟ್ಟ ಬಟ್ಟೆ ಯಾಕೆ ಅಂತ ಗೊತ್ತಾಗಲಿಲ್ಲ. ಇನ್ನು ಮೇಲೆ ಮೈ ತುಂಬಿಕೊಳ್ಳುವ ವಯಸ್ಸಾ ಇದು?

ನಿಮ್ಮಣ್ಣ ಚೆನ್ನಾಗಿ ಉಣ್ಣುತ್ತಾರೆ. ಕಾಲೂ ಊದಿಲ್ಲ, ಕಣ್ಣೂ ಹಳದಿಯಿಲ್ಲ. ಇದೆಲ್ಲ ಯಾಕೆ ಕೇಳಿದೆ?

ದ್ರಾಕ್ಷಾಯಣಿ


ರಾಣೆಬೆನ್ನೂರು
28 ಅಕ್ಟೋಬರ್ 2024

ಅತ್ತಿಗೆ,

ನೇರವಾಗಿ ಕೇಳುತ್ತೇನೆ. ಅಣ್ಣನಿಗೆ ಏನಾಗಿದೆ?

ನೀವು ಮುಚ್ಚಿಡುತ್ತಿದ್ದೀರಿ. ನಿಮ್ಮ ಮೇಲೆ ಸಿಟ್ಟಿಲ್ಲ, ಅವನು ಹೇಳಬೇಡ ಎಂದು ಆಣೆ ಹಾಕಿಸಿರುತ್ತಾನೆ. ಆದರೆ ಬಾಯಿ ಏನು ಹೇಳಿದರೂ ಟೇಪು ಸುಳ್ಳು ಹೇಳುವುದಿಲ್ಲ. ನಾನು ಇಪ್ಪತ್ತೆಂಟು ವರ್ಷದಿಂದ ಜನರನ್ನು ಅಳೆಯುತ್ತಿದ್ದೇನೆ. ಗಂಡಸಿನ ಭುಜ ಮೂರೂವರೆ ಇಂಚು ಇಳಿದು, ಸೀಟು ಎರಡು ಇಂಚು ಏರಿದೆ ಎಂದರೆ ಅದು ವಯಸ್ಸಲ್ಲ. ಈಗ ಬೆನ್ನು ಸಡಿಲ, ಎದೆ ಮಾತ್ರ ಮುಂದೆ ಬಂದಿದೆ ಅನ್ನುತ್ತೀರಿ.

ನಿಮಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಅಪ್ಪನ ಕೊನೆಯ ವರ್ಷ ಅವರ ಶರ್ಟನ್ನು ನಾನು ಮೂರು ಸಲ ಹಿಡಿದು ಬಿಗಿ ಮಾಡಿದೆ. ಯುಗಾದಿಗೆ ಒಂದು ಇಂಚು, ಶ್ರಾವಣದಲ್ಲಿ ಒಂದೂವರೆ, ದೀಪಾವಳಿಗೆ ಮತ್ತೆ ಎರಡು. ಭುಜ ಇಳಿಯುತ್ತಾ ಹೋಯಿತು, ಹೊಟ್ಟೆ ಮಾತ್ರ ನೀರು ತುಂಬಿ ದಪ್ಪವಾಯಿತು. "ಅಣ್ಣಂಗೆ ಹೇಳ್ಬೇಡ, ಸುಮ್ನೆ ಹೆದರ್ಕೊಂತಾನೆ" ಅಂದರು ಅಪ್ಪ. ನಾನು ಹೇಳಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಲಿವರ್ ಪೂರ್ತಿ ಹೋಗಿತ್ತು. ಅವ್ವನೂ ಆಗ ನಿಮ್ಮ ಹಾಗೇ ಎಲ್ಲರಿಗೂ "ಚೆನ್ನಾಗಿ ಉಣ್ಣುತ್ತಾರೆ" ಅನ್ನುತ್ತಿದ್ದಳು.

ಇವತ್ತು ಮಧ್ಯಾಹ್ನ ಕ್ಲಾಸಿನ ನಡುವೆ ತಡೆಯಲಾರದೆ ಹುಡುಗಿಯೊಬ್ಬಳ ಫೋನಿನಿಂದ ಅಣ್ಣನಿಗೆ ಫೋನ್ ಮಾಡಿದೆ. "ಹಲೋ, ಯಾರು?" ಎಂದ. "ಯಾರ್ರೀ? ಮಾತಾಡ್ರಪ್ಪ" ಎಂದ. ಇಟ್ಟುಬಿಟ್ಟೆ. ಅವನ ದನಿ ಬಡವಾದ ಹಾಗೆ ಕೇಳಿತು.

ಅವನ ಮೈಗೆ ಹೊಲಿಯಲ್ಲ ಎಂದು ಯಾವ ಬಾಯಲ್ಲಿ ಹೇಳಿದೆನೋ ಅತ್ತಿಗೆ. ಆ ಮಾತನ್ನೇ ಹೊತ್ತುಕೊಂಡು ಅವನು ಹೋಗಿಬಿಟ್ಟರೆ ನಾನು ಬದುಕುವುದು ಹೇಗೆ?

ಮಹೇಶ್ ದಾವಣಗೆರೆಯ ಡಾಕ್ಟರರ ಹತ್ತಿರ ಮಾತಾಡಿದ್ದಾರೆ, ಅವರು ಸಿಗುವುದು ನವೆಂಬರ್ ಹದಿನೆಂಟಕ್ಕೇ ಅಂತೆ. ಹದಿನಾರರ ಶನಿವಾರ ಬೆಳಗಿನ ಗಾಡಿಗೆ ನಾನು ಹೊರಡುತ್ತೇನೆ. ಅವನು ಬಾಗಿಲು ಹಾಕಿಕೊಂಡರೆ ಜಗುಲಿಯ ಮೇಲೆ ಕೂರುತ್ತೇನೆ, ಎಳೆದುಕೊಂಡೇ ಹೋಗುತ್ತೇನೆ.

ನೇತ್ರಾ


ಮಗ್ಗೆ
6 ನವೆಂಬರ್ 2024
(ಸ್ಪೀಡ್ ಪೋಸ್ಟ್)

ನೇತ್ರಾ, ನನ್ನ ಕಂದಾ,

ಮೊದಲು ಇದನ್ನು ಓದು, ಉಳಿದದ್ದು ಆಮೇಲೆ. ನಿಮ್ಮಣ್ಣ ಗುಂಡುಕಲ್ಲಿನ ಹಾಗಿದ್ದಾರೆ. ಈಗ ಇದನ್ನು ಬರೆಯುವಾಗ ಶುಂಠಿ ಚೀಲ ಬೆನ್ನ ಮೇಲೆ ಹೊತ್ತು ಜೀಪಿಗೆ ಹಾಕುತ್ತಾ, ಆಚೆ ಗದ್ದೆಯಲ್ಲಿರುವ ದ್ಯಾವಯ್ಯನ ಜೊತೆ ಕೂಗಿ ಜಗಳ ಆಡುತ್ತಿದ್ದಾರೆ. ಬೆಳಿಗ್ಗೆ ಐದು ಅಕ್ಕಿರೊಟ್ಟಿ ತಿಂದರು. ಆಗಸ್ಟಿನಲ್ಲಿ ಡೇರಿಯಲ್ಲಿ ಆರೋಗ್ಯದ ಕ್ಯಾಂಪ್ ಇತ್ತು, ರಕ್ತ, ಶುಗರ್, ಲಿವರ್ ಎಲ್ಲ ನೋಡಿ "ಯಜಮಾನರೇ, ನೀವು ಯಾಕೆ ಬಂದ್ರಿ?" ಎಂದು ಕಳಿಸಿದರು. ಹೊಟ್ಟೆ ಬಂದಿರುವುದು ನಿಜ. ಅದು ನೀರಲ್ಲ, ರೊಟ್ಟಿ.

ಆ ಅಳತೆ ಅವರದಲ್ಲ ಕಣೇ. ನನ್ನದು.

ಹದಿನೈದು ಇಂಚಿನ ಭುಜ ನನ್ನದು. ನಲವತ್ತಮೂರರ ಸೀಟು ನನ್ನದು. ಎದೆಯ ಹತ್ತಿರ ಯಾಕೆ ಗುಂಡಿ ಬಾಯಿ ಬಿಟ್ಟಿತು ಅಂತ ಈಗ ನಿನಗೆ ಹೇಳಬೇಕಾಗಿಲ್ಲ.

ಇದನ್ನು ಮೊದಲನೇ ಕಾಗದದಲ್ಲೇ ಬರೆಯಬೇಕಿತ್ತು. ನಾಚಿಕೆಯಾಯಿತು. ಮದುವೆಯಾಗಿ ಬಂದ ವರ್ಷದಿಂದ ಕಾಫಿ ಕುಯ್ಯಲು, ಕಳೆ ತೆಗೆಯಲು ಸೀರೆಯ ಮೇಲೆ ನಿಮ್ಮಣ್ಣನ ಹಳೆಯ ಶರ್ಟ್ ಹಾಕುತ್ತಾ ಬಂದಿದ್ದೇನೆ. ಇಲ್ಲಿ ಹೆಂಗಸರೆಲ್ಲ ಹಾಗೇ ತಾನೇ, ಗಂಡನದೋ ಮಗನದೋ ಹರಿದದ್ದು. ಭುಜ ಮೊಣಕೈಗೆ ಇಳಿಬೀಳುತ್ತೆ. ತೋಳು ನಾಲ್ಕು ಮಡಿಕೆ. ಸೊಂಟದ ಕೆಳಗೆ ಗುಂಡಿ ಕೂರುವುದಿಲ್ಲ. ಹೋದ ಜನವರಿಯಲ್ಲಿ ಆ ಮಡಿಸಿದ ತೋಳು ಕಾಫಿ ಗಿಡದಿಂದ ಚಾಚಿದ ರೆಕ್ಕೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಎಳೆದೆ, ಕಾಲು ಜಾರಿ ಗಿಡದ ಸಾಲಿನಲ್ಲಿ ನೀರಿಂಗಲು ತೋಡಿದ ತೊಟ್ಟಿಲುಗುಂಡಿಗೆ ಬಿದ್ದೆ. ಹದಿನೈದು ದಿನ ಸೊಂಟ ಹಿಡಿದುಕೊಂಡೇ ಅಡುಗೆ ಮಾಡಿದೆ. ಯಾರಿಗೂ ಹೇಳಲಿಲ್ಲ. ಈ ಕುಯ್ಲಿಗೆ ಮತ್ತೆ ಆ ಶರ್ಟ್ ಹಾಕಿಕೊಂಡು ತೋಟಕ್ಕಿಳಿಯಲು ನನಗೆ ಹೆದರಿಕೆ, ಅದಕ್ಕೇ ಕೇಳಿದ್ದು.

ವಿಚಿತ್ರ ನೋಡು. ಗಂಡನ ಹಳೆಯ ಶರ್ಟ್ ಎಷ್ಟು ವರ್ಷ ಹಾಕಿಕೊಂಡರೂ ಯಾರೂ ತುಟಿ ಎರಡು ಮಾಡುವುದಿಲ್ಲ. ಅದೇ ಶರ್ಟನ್ನು ನನ್ನ ಅಳತೆಗೆ ಹೊಸದಾಗಿ ಹೊಲಿಸಿಕೊಂಡರೆ "ಶಾಂತಮಲ್ಲಪ್ಪನ ಹೆಂಡ್ತಿ ಗಂಡಸಾಗ್ಬುಟ್ಲು" ಅನ್ನುತ್ತಾರೆ. ನಾದಿನಿಗೆ ಬರೆಯುವಾಗಲೂ ಅದೇ ಮಾತು ಕೈ ತಡೆಯಿತು. ನೀನು ಅಣ್ಣನಿಗೆ ಅಂದುಕೊಂಡೆ, ನಾನು ಬಾಯಿ ಮುಚ್ಚಿಕೊಂಡೆ. ಆ ಬಾಯಿಗೆ ಮಣ್ಣು ಹಾಕ. ನಿನ್ನ ಅಪ್ಪನ ಶರ್ಟಿನ ಕಥೆ ಗೊತ್ತಿದ್ದರೆ ಒಂದು ದಿನವೂ ಹೀಗೆ ಮಾಡುತ್ತಿರಲಿಲ್ಲ. ಓದಿ ಮಿಷನ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಇನ್ನೊಂದೂ ಹೇಳಬೇಕು, ಇದು ಹೇಳುವುದೇ ಕಷ್ಟ. ಶರ್ಟ್ ಬೇಕು ಎಂದು ನಿಮ್ಮಣ್ಣ ಕೇಳಿರಲಿಲ್ಲ. ಅವರಿಗೆ ಇದೊಂದೂ ಗೊತ್ತಿಲ್ಲ. ನೀನು ಅಷ್ಟು ಖುಷಿಯಿಂದ ಬರೆದಿದ್ದೆ, ನಾನು ಅದನ್ನು ಒಡೆಯಲಿಲ್ಲ.

ಆದರೆ ನೀನು ಫೋನ್ ಮಾಡಿದ ದಿನ ಅವರು ಫೋನನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಯಾರು ಅಂದೆ. "ಯಾರೋ. ಮಾತಾಡ್ಲಿಲ್ಲ. ಹಿಂದೆ ನಾಕೈದು ಹೊಲಿಗೆ ಮಿಷನ್ ಓಡೋ ಸದ್ದು" ಅಂದರು.

ನಿನ್ನ ತಪ್ಪಿತಸ್ಥ ಅತ್ತಿಗೆ


ರಾಣೆಬೆನ್ನೂರು
9 ನವೆಂಬರ್ 2024

ಅತ್ತಿಗೆ!

ನಿಮ್ಮನ್ನು ಏನು ಮಾಡಿದರೆ ನನ್ನ ಸಿಟ್ಟು ತೀರುತ್ತದೆ ಹೇಳಿ? ಎದುರಿಗಿದ್ದರೆ ಎರಡು ಕೈಯಲ್ಲೂ ಹಿಡಿದು ಅಲ್ಲಾಡಿಸುತ್ತಿದ್ದೆ. ಆಮೇಲೆ ತಬ್ಬಿಕೊಳ್ಳುತ್ತಿದ್ದೆ.

"ನನ್ನದು" ಎಂಬ ಸಾಲು ಓದಿ ಅಲ್ಲೇ ಬಾಗಿಲ ಹತ್ತಿರ ಕೂತುಬಿಟ್ಟೆ. ನಗು ಬಂತು, ಅದು ನಿಲ್ಲುವ ಮೊದಲೇ ಅಳು ಬಂತು. ಮಹೇಶ್ ಒಳಗಿನಿಂದ ಓಡಿಬಂದು "ಹೋಗ್ಬಿಟ್ರಾ?" ಎಂದು ಕೇಳಿದರು. ಕಾಗದ ಅವರ ಕೈಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ನಿಮ್ಮ ಮನೆಯವರಿಗೆಲ್ಲ ಬಾಯಿ ಇರೋದು ಉಣ್ಣೋಕೆ ಮಾತ್ರ" ಅಂದರು. ಆಮೇಲೆ ನನಗೆ ಹೊಟ್ಟೆ ಹಸಿಯಿತು ಅತ್ತಿಗೆ. ಹತ್ತು ದಿನದಿಂದ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ನಿಂತಲ್ಲೇ ಮೂರು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಎಲ್ಲ ಖಾಲಿ ಮಾಡಿದೆ. ಅಣ್ಣ ಇದ್ದಾನೆ. ಗಟ್ಟಿಯಾಗಿ, ದ್ಯಾವಯ್ಯನ ಜೊತೆ ಜಗಳ ಆಡುತ್ತಾ ಇದ್ದಾನೆ. ನನಗೆ ಅಷ್ಟು ಸಾಕು.

ಸಾಕು ಎಂದು ಬರೆದೆ, ಪೂರ್ತಿ ಸಾಕಾಗಲಿಲ್ಲ. ಸುಳ್ಳು ಯಾಕೆ ಹೇಳಲಿ. ಅವನೇ ಕೇಳಿದ್ದಾನೆ ಎಂದುಕೊಂಡು ಎರಡು ತಿಂಗಳು ಹೆಮ್ಮೆಪಟ್ಟೆ, ಕ್ಲಾಸಿನ ಹುಡುಗಿಯರಿಗೂ ಹೇಳಿಕೊಂಡೆ. ಅದೊಂದು ಸ್ವಲ್ಪ ನೋವಾಗಿದೆ. ನೀವು ಅವನಿಗೆ ಏನೂ ಹೇಳಬೇಡಿ, ಹೇಳಿಸಿ ಕೇಳಿಸಿದ ಮಾತು ನನಗೆ ಬೇಡ. ಶನಿವಾರದ ಟಿಕೆಟ್ ಕ್ಯಾನ್ಸಲ್ ಮಾಡಿಸಿದೆ.

ಈಗ ನಿಮ್ಮ ವಿಷಯ. ಗುಂಡಿಗೆ ಬಿದ್ದು ಹದಿನೈದು ದಿನ ಮುಚ್ಚಿಟ್ಟಿರಲ್ಲ, ಅದಕ್ಕೆ ಬೇರೆ ಬೈಯುತ್ತೇನೆ. ಹಳೆಯ ಪೇಪರ್ ಕಟಿಂಗನ್ನು ಒಲೆಗೆ ಹಾಕಿ. ಅದು ಗಂಡಸಿನ ಕಟಿಂಗಿಗೆ ಹೆಂಗಸಿನ ಅಳತೆ ತುರುಕಿದ್ದು, ಕೂರುವುದು ಹೇಗೆ? ಹೊಸದು ಕಳಿಸಿದ್ದೇನೆ. ಎದೆಯ ಪಕ್ಕದಲ್ಲಿ ಒಂದು ಸಣ್ಣ ಮಡಿಕೆ ಇದೆ, ಗುರುತಿನ ಮೇಲೇ ಹೊಲಿಯಿರಿ, ಗುಂಡಿ ಬಾಯಿ ಬಿಡುವುದಿಲ್ಲ. ಕಂಕುಳಿಗೆ ಒಂದು ಚೌಕದ ತುಂಡು ಕೊಟ್ಟಿದ್ದೇನೆ. ಎತ್ತರದ ರೆಕ್ಕೆಗೆ ಕೈ ಚಾಚಿದರೂ ಶರ್ಟ್ ಮೇಲೆ ಏರದು. ತೋಳು ನಿಮ್ಮ ಮಣಿಕಟ್ಟಿಗೆ ಸರಿಯಾಗಿ ನಿಲ್ಲುತ್ತದೆ, ಮಡಿಸುವ ಹಾಗಿಲ್ಲ. ಎರಡೂ ಪಕ್ಕ ಸೀಳು ಬಿಟ್ಟಿದ್ದೇನೆ, ಸೀರೆಯ ನೆರಿಗೆಗೆ ಜಾಗ ಬೇಕಲ್ಲ. ಕೆಳಗಿನ ಗುಂಡಿ ಕೂರದಿದ್ದರೆ ನನ್ನ ಹೆಸರು ಬದಲಾಯಿಸಿ.

ಒಂದು ಷರತ್ತು. ಯಾರಾದರೂ ಕೇಳಿದರೆ ಗಂಡನ ಹಳೆಯದು ಅನ್ನಬಾರದು. ನನ್ನ ಅಳತೆ, ನಾನೇ ಹೊಲಿದದ್ದು ಅನ್ನಬೇಕು.

ನಿಮ್ಮ
ನೇತ್ರಾ


ಮಗ್ಗೆ
8 ಡಿಸೆಂಬರ್ 2024

ನೇತ್ರಾ,

ಶರ್ಟ್ ಮುಗಿಯಿತು. ಕಾಲರಿಗೇ ಮೂರು ದಿನ ಹಿಡಿಯಿತು. ಕಾಜಾ ಎಲ್ಲ ಕೈಯಲ್ಲೇ ತೆಗೆದೆ, ಏಳರಲ್ಲಿ ಎರಡು ಸೊಟ್ಟಗಿವೆ, ನೀನು ನೋಡುವುದಿಲ್ಲವಲ್ಲ.

ಸೋಮವಾರ ಕುಯ್ಲು ಶುರುವಾಯಿತು. ಹಾಕಿಕೊಂಡು ತೋಟಕ್ಕೆ ಹೋದೆ. ಸಾಲಿನಲ್ಲಿದ್ದ ಆರೂ ಹೆಂಗಸರು ಬುಟ್ಟಿ ಕೆಳಗಿಟ್ಟು ನೋಡಿದರು. ಒಬ್ಬಳು "ಏನಕ್ಕಾ, ಲೆಕ್ಕ ಬರ್ಯೋ ಎಸ್ಟೇಟ್ ರೈಟರ್ ಆಗ್ಬುಟ್ರಾ?" ಅಂದಳು, ಎಲ್ಲರೂ ನಕ್ಕರು. ನಾನು ನಿನ್ನ ಷರತ್ತಿನಂತೆ "ನನ್ನ ಅಳತೆ ಕಣ್ರೇ, ನಾನೇ ಹೊಲ್ದಿದ್ದು" ಅಂದೆ. ಆಮೇಲೆ ಎತ್ತರದ ರೆಕ್ಕೆ ಬಗ್ಗಿಸಲು ಎರಡೂ ಕೈ ಮೇಲೆತ್ತಿದೆ. ಶರ್ಟ್ ಎಲ್ಲೂ ಹಿಡಿಯಲಿಲ್ಲ, ಏರಲಿಲ್ಲ, ಯಾವ ರೆಕ್ಕೆಗೂ ಸಿಕ್ಕಲಿಲ್ಲ. ಶಿವಾ, ಏನು ಆರಾಮ ಅಂತೀಯ! ಇಪ್ಪತ್ತೆಂಟು ವರ್ಷ ಯಾರದೋ ಮೈಯೊಳಗೆ ನಿಂತು ಕೆಲಸ ಮಾಡಿದೆನಲ್ಲ ಅನ್ನಿಸಿತು. ಮಧ್ಯಾಹ್ನ ಊಟಕ್ಕೆ ಕೂತಾಗ ನಕ್ಕವಳೇ ಮೊದಲು ಬಂದು ಕಂಕುಳ ತುಂಡು ಮುಟ್ಟಿ ನೋಡಿ, "ಆ ಕಾಗ್ದ ಇನ್ನೂ ಐತಾ ಅಕ್ಕಾ?" ಅಂದಳು. ಈಗ ನಾಲ್ಕು ಜನರ ಅಳತೆ ನನ್ನ ಹತ್ತಿರ ಇದೆ.

ನಿಮ್ಮಣ್ಣ ಅವತ್ತು ಸಂಜೆ ಕಣದಲ್ಲಿ ನೋಡಿದರು. ಸುತ್ತ ಒಂದು ಸಲ ಬಂದರು. ಕಾಲರ್ ಹಿಡಿದು ತಿರುಗಿಸಿದರು. "ಯಾರ್ ಹೊಲ್ದಿದ್ದು?" ಅಂದರು. ನಾನೇ ಅಂದೆ. "ಹೊಲ್ಗೆ ನಿಂದು, ಸೊಟ್ಟಕ್ಕೈತೆ. ಕಟಿಂಗ್ ನೇತ್ರಂದು" ಅಂದರು. ನೀನು ಹೇಳಬೇಡಿ ಅಂದಿದ್ದೆ. ಆದರೆ ಈ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಆದದ್ದು ಸಾಕು ಎಂದು ಎಲ್ಲ ಕಾಗದವನ್ನೂ ತಂದು ಅವರ ಕೈಗಿಟ್ಟೆ. ಬೈದರೆ ಬೈಸಿಕೊಳ್ಳುತ್ತೇನೆ.

ಮೊದಲು ಬಿದ್ದು ಬಿದ್ದು ನಕ್ಕರು. "ನಾನು ಸಾಯ್ತಾ ಇದೀನಿ ಅಂದ್ಕೊಂಡ್ಲಾ? ನಿನ್ ಸೊಂಟ ನೋಡಿ?" ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪನ ಶರ್ಟಿನ ಸಾಲಿಗೆ ಬಂದಾಗ ನಗು ನಿಂತಿತು. ಅದನ್ನು ಎರಡು ಸಲ ಓದಿದರು. "ಮೂರು ಸಲ ಹಿಡಿದ್ಲಾ? ಒಬ್ಳೇ ಇಟ್ಕೊಂಡಿದ್ಲಾ ಇಷ್ಟು ವರ್ಷ?" ಅಂದರು. ಎದ್ದು ಹಿತ್ತಲಿಗೆ ಹೋದರು. ನಾನು ಹಿಂದೆ ಹೋಗಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು.

ಇವತ್ತು ಬೆಳಿಗ್ಗೆ ತಾವೇ ಟೇಪ್ ತಂದು, ಕರಡಿಗೆ ಪಕ್ಕಕ್ಕೆ ಸರಿಸಿಕೊಂಡು ನನ್ನ ಎದುರು ನಿಂತರು. "ಅಳಿ. ಉಸ್ರು ಎಳ್ಕೊಳಲ್ಲ" ಅಂದರು. ಕಾಲರ್ ಹದಿನಾರೂವರೆ, ಎದೆ ನಲವತ್ತಮೂರು, ಭುಜ ಹದಿನೆಂಟೂವರೆ, ತೋಳು ಇಪ್ಪತ್ತನಾಲ್ಕು, ಹೊಟ್ಟೆ ನಲವತ್ತನಾಲ್ಕು. ಬರೆದು ಮುಗಿಸುವಷ್ಟರಲ್ಲಿ ಪೆನ್ನು ಕಿತ್ತುಕೊಂಡರು. ಇನ್ನು ಕೆಳಗಿರುವುದು ಅವರ ಅಕ್ಷರ.

ದ್ರಾಕ್ಷಾಯಣಿ

ನೇತ್ರಾ,

ಫೋನ್ ಹಿಡಿದ್ರೆ ನಾನೂ ನಿನ್ನಂಗೇ ಇಟ್ಬಿಡ್ತೀನಿ, ಅದಕ್ಕೇ ಬರೀತಾ ಇದೀನಿ. ನನಗೇನೂ ಆಗಿಲ್ಲ. ಅಳತೆ ಮೇಲೆ ಐತೆ, ನೋಡ್ಕೊಂಡು ಸಮಾಧಾನ ಮಾಡ್ಕೊ.

ಅಪ್ಪಂದು ನನಗೆ ಗೊತ್ತಿರಲಿಲ್ಲ ಕಣವ್ವ. ಅಷ್ಟು ಭಾರ ನೀನೊಬ್ಬಳೇ ಹೊರಬಾರದಿತ್ತು. ಮಿಷನ್ ವಿಚಾರದಲ್ಲಿ ನಾನು ಹಂಗೆ ಅನ್ನಬಾರದಿತ್ತು. ಅವ್ವ ಹೋಗಿ ಹನ್ನೊಂದು ದಿನ ಆಗಿತ್ತು, ಅವಳ ಒಂದು ಸಾಮಾನು ಬಾಗಿಲು ದಾಟೋದನ್ನ ನೋಡೋಕೆ ಆಗಲಿಲ್ಲ. ಅದನ್ನ ನಿನಗೆ ನೆಟ್ಟಗೆ ಹೇಳೋಕೆ ಬರಲಿಲ್ಲ.

ಅಂಗಡಿ ಶರ್ಟು ಮೂರು ವರ್ಷ ಹಾಕಿ ನೋಡಿದೆ. ಒಂದೂ ಮೈಗೆ ಹತ್ತಲಿಲ್ಲ. ನನಗೊಂದು ಶರ್ಟ್ ಹೊಲ್ಕೊಡ್ತೀಯಾ? ನಿಮ್ಮತ್ತಿಗೆ ಅಲ್ಲ, ನಾನೇ ಕೇಳ್ತಾ ಇದೀನಿ.

ನಿನ್ನಣ್ಣ
ಶಾಂತಮಲ್ಲಪ್ಪ